ಡಾ. ರಾಜ್‌ಕುಮಾರ್ ನಟರಾಗಿದ್ದೂ ಅಷ್ಟು ಚೆನ್ನಾಗಿ ಹಾಡುತ್ತಿದ್ದದ್ದು ಹೇಗೆ?

ಅವರು ಹಾಡು ಕಲಿತದ್ದು ಸಿನಿಮಾದಲ್ಲಲ್ಲ, ನಾಟಕ ಕಂಪನಿಯಲ್ಲಿ. ತಂದೆ ಪುಟ್ಟಸ್ವಾಮಯ್ಯನವರೂ ಗುಬ್ಬಿ ವೀರಣ್ಣನವರ ಕಂಪನಿಯ ನಟರು. ರಾಜ್ ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದರು. ಕಂಪನಿ ನಾಟಕದಲ್ಲಿ ಹಿನ್ನೆಲೆ ಗಾಯಕರು ಅಂತ ಬೇರೆ ಇರುತ್ತಿರಲಿಲ್ಲ. ಮಾತು ಮುಗಿದ ಉಸಿರಲ್ಲೇ, ಹಾರ್ಮೋನಿಯಂ ಶ್ರುತಿ ಹಿಡಿದು, ಕೊನೇ ಸಾಲಿನವರಿಗೂ ಕೇಳುವ ಹಾಗೆ ಪಾತ್ರಧಾರಿಯೇ ಹಾಡಬೇಕಿತ್ತು. ಎಂಥಾ ತಾಲೀಮು ಅಲ್ವಾ!

1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದ ಮೇಲೆ ಮಾತ್ರ, ಸಿನಿಮಾ ಪದ್ಧತಿಯಂತೆ, ಜಾಸ್ತಿ ಹಾಡುಗಳಿಗೆ ಪಿ.ಬಿ. ಶ್ರೀನಿವಾಸ್ ದನಿಯಾದರು. ಅದೂ ಸೊಗಸಾದ ಜೋಡಿಯೇ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ‘ಯಾರೇ ಕೂಗಾಡಲಿ’ಯನ್ನು ರಾಜ್ ತಾವೇ ಹಾಡಿದ ಮೇಲೆ ಅವರ ಹಾಡುಗಳಿಗೆ ಹೆಚ್ಚಾಗಿ ಅವರದೇ ದನಿ. ‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ ಗಾಯಕರಾಗಿ ರಾಷ್ಟ್ರಪ್ರಶಸ್ತಿಯನ್ನೇ ಪಡೆದರು.