ಕಟ್ಟಡ ಸರಿ ಮೇಷ್ಟ್ರೇ, ರಿಜಿಸ್ಟರ್ ಎಲ್ಲಿ?

(ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ನೆವಾಡಾದ ವರ್ಜೀನಿಯಾ ಸಿಟಿಯಲ್ಲಿ ಮ್ಯೂಸಿಯಂ ಆಗಿರುವ ಹಳೇ ಶಾಲೆ ನೋಡಿದರಂತೆ. ‘ನಮ್ಮ ಇಂಗಳದಾಳ್‌ನಲ್ಲೂ ತಾಮ್ರದ ಗಣಿ ಇತ್ತು, ಅಲ್ಲೇಕೆ ಇಂಥದ್ದು ಬೇಡ?’ ಎಂಬುದು ಪ್ರಶ್ನೆ. ‘ಮೊದಲು ಇರೋ ಶಾಲೆ ಸೋರದ ಹಾಗೆ ಮಾಡಲಿ’ ಎಂದು ಅವರ ಗೆಳೆಯರು ನಕ್ಕರಂತೆ.)

ಮೇಷ್ಟ್ರೇ, ನಿಮ್ಮ ಗೆಳೆಯರ ಮಾತು ಸುಳ್ಳಲ್ಲ. ಆದರೂ ನನ್ನ ಓಟು ನಿಮಗೇ.

ವರ್ಜೀನಿಯಾ ಸಿಟಿಯಲ್ಲಿ 1859ರಲ್ಲಿ ಬೆಳ್ಳಿ ಸಿಕ್ಕಿತು, ಗುಡ್ಡದ ಮೇಲೆ ಊರೇ ಎದ್ದಿತು. 1876ರಲ್ಲಿ ನಾಲ್ಕು ಅಂತಸ್ತಿನ ಮರದ ಶಾಲೆ ಕಟ್ಟಿದರು, ಸಾವಿರ ಮಕ್ಕಳು ಹಿಡಿಯುವಂಥದ್ದು. ಬೆಳ್ಳಿ ಬತ್ತಿತು, ಜನ ಗಂಟುಮೂಟೆ ಕಟ್ಟಿದರು. 1936ರಲ್ಲಿ ಶಾಲೆ ಮುಚ್ಚಿತು. ಮ್ಯೂಸಿಯಂ ಆಗಿದ್ದು 1986ರಲ್ಲಿ. ನಡುವೆ ಐವತ್ತು ವರ್ಷ! ಅಷ್ಟು ಕಾಲ ಅದನ್ನು ಯಾರೂ ಸೌದೆಗೆ ಒಡೆಯಲಿಲ್ಲವಲ್ಲ, ಅದೇ ಸೋಜಿಗ. ನಮ್ಮಲ್ಲಾಗಿದ್ದರೆ ತೊಲೆ, ಹೆಂಚು, ಬಾಗಿಲು ಯಾರ್‍ಯಾರದೋ ಕೊಟ್ಟಿಗೆ ಸೇರುತ್ತಿದ್ದವು.

ಆದರೆ ನಿಮ್ಮ ಮೇಲೂ ಒಂದು ತಕರಾರಿದೆ. ನಾಲ್ಕು ಪುಟದಲ್ಲಿ ಮೆಟ್ಟಿಲು, ಕಿಟಕಿ, ಬೆಂಚು ಎಲ್ಲ ಬಂತು. ಮೂವತ್ತು ವರ್ಷ ಹಾಜರಿ ಕೂಗಿದವರು ನೀವು, ಅಡ್ಮಿಷನ್ ರಿಜಿಸ್ಟರ್ ಬಗ್ಗೆ ಒಂದು ಸಾಲೂ ಇಲ್ಲ! ಮಗುವಿನ ಹೆಸರು, ಅಪ್ಪನ ಕಸುಬು, ಯಾವ ಊರಿಂದ ಬಂದರು, ಯಾವಾಗ ಬಿಟ್ಟುಹೋದರು, ಎಲ್ಲ ಅದರಲ್ಲಿರುತ್ತದೆ. ಗಣಿಯೂರಿನ ಚರಿತ್ರೆಗೆ ಅದಕ್ಕಿಂತ ಇನ್ನೇನು ಬೇಕು?

ಅದರಲ್ಲಿ ಸುಳ್ಳೂ ಇರುತ್ತದೆ ಅನ್ನಿ. ನನ್ನ ಹುಟ್ಟಿದ ದಿನ ಜೂನ್ 1. ನನ್ನ ಕ್ಲಾಸಿನ ಅರ್ಧ ಮಕ್ಕಳದ್ದೂ ಅದೇ. ಹೆಡ್‌ಮಾಸ್ಟರ ಪೆನ್ನಿಂದಲೇ ಹುಟ್ಟಿದವರು ನಾವು. ಆ ಪುಟ ನೋಡಬೇಕೆಂದು ಮೊನ್ನೆ ಓದಿದ ಶಾಲೆಗೆ ಹೋಗಿದ್ದೆ. ‘ಗೆದ್ದಲು ಹಿಡಿದಿತ್ತು ಸಾರ್, ರದ್ದಿಗೆ ಹಾಕಿಬಿಟ್ವಿ’ ಎಂದರು. ಕೆ.ಜಿ.ಗೆ ಎಷ್ಟು ಸಿಕ್ಕಿತೋ, ಕೇಳಲು ಮನಸ್ಸಾಗಲಿಲ್ಲ.

ನಮಗೆ ದುರ್ಗ ಎಂದರೆ ಕೋಟೆ, ಓಬವ್ವನ ಕಿಂಡಿ. ದಾವಣಗೆರೆ ಎಂದರೆ ಬೆಣ್ಣೆದೋಸೆ. ಕಾಟನ್ ಮಿಲ್‌ಗಳಲ್ಲಿ ಮೂರು ಪಾಳಿ ದುಡಿದವರ ಮಕ್ಕಳು ಎಲ್ಲಿ ಓದಿದರು, ತಾಮ್ರದ ಗಣಿಗೆ ಇಳಿದವರ ಮಕ್ಕಳು ಎಲ್ಲಿ ಓದಿದರು, ಯಾರಾದರೂ ಕೇಳಿದ್ದಾರಾ? ಉತ್ಸವಕ್ಕೆ ದುಡ್ಡಿದೆ, ಕಮಾನಿಗೆ ದುಡ್ಡಿದೆ, ಒಂದು ಕಬ್ಬಿಣದ ಬೀರುವಿಗೆ ಮಾತ್ರ ಇಲ್ಲ.

ಮ್ಯೂಸಿಯಂ ಆಮೇಲೆ ನೋಡೋಣ. ನೀವು ಪಾಠ ಮಾಡಿದ ಶಾಲೆಯಲ್ಲಿ ಆ ಹಳೇ ರಿಜಿಸ್ಟರ್ ಇನ್ನೂ ಇದೆಯಾ, ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ, ತಿಳಿದು ಬರೆಯಿರಿ. ಈ ಸಲ ಒಂದೇ ಪುಟ ಸಾಕು.

– ಸಂ.