ಅಜ್ಜನ ಪ್ಲೇಟಿನ ಬೀರು: ಕೆರೆಸುವ ಮುನ್ನ ಅರಗನ್ನು ಗುರುತಿಸಿ

ಪ್ರಶ್ನೆ: ಸಾಗರದ ನಮ್ಮ ಮನೆಯಲ್ಲಿ ಗ್ರಾಮೊಫೋನ್ ಪ್ಲೇಟುಗಳನ್ನು ಇಡಲು ಅಜ್ಜ ಮಾಡಿಸಿದ ಸಾಗುವಾನಿ ಬೀರು ಇದೆ. ಒಳಗಿನ ಗೂಡುಗಳ ಅಂಚಿಗೆ ಅವರೇ ಸಂಖ್ಯೆ ಬರೆದ ಚೀಟಿಗಳನ್ನು ಅಂಟಿಸಿದ್ದಾರೆ. ಮೇಲ್ಹಲಗೆಯಲ್ಲಿ ಲೋಟ ಇಟ್ಟ ಬಿಳಿ ಗುರುತು ಬಿದ್ದಿದೆ, ಒಂದು ಕಾಲಿನ ಬುಡದಲ್ಲಿ ಹಿಟ್ಟಿನಂಥ ಪುಡಿ ಕಾಣುತ್ತದೆ. ಬಡಗಿ ಪೂರ್ತಿ ಕೆರೆದು ಹೊಸ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಬಗೆಯ) ಪಾಲಿಶ್ ಹಾಕೋಣ ಎನ್ನುತ್ತಾರೆ. ಒಪ್ಪಬಹುದೇ? ಪ್ಲೇಟುಗಳಿಗೂ ಬೂಷ್ಟು ಹಿಡಿದಿದೆ. ಸ್ಪಿರಿಟ್‌ನಿಂದ ಒರೆಸಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ಆದ ಹಾನಿಯನ್ನು ಯಾರೂ ಸರಿಪಡಿಸಲಾರರು. ದಯವಿಟ್ಟು ಸ್ಪಿರಿಟ್ ಮುಟ್ಟಿಸಬೇಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳನ್ನು ಕಲ್ಲಿನ ಪುಡಿ ಮತ್ತು ಮಸಿಯನ್ನು ಅರಗಿನಲ್ಲಿ ಬೆರೆಸಿ ಅಚ್ಚೊತ್ತುತ್ತಿದ್ದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾಗುವವರೆಗೆ ನಮ್ಮ ಗಾಯಕರ ಪ್ಲೇಟುಗಳು ಜರ್ಮನಿಯ ಹ್ಯಾನೋವರ್‌ನಲ್ಲಿ ಅಚ್ಚಾಗಿ ಬರುತ್ತಿದ್ದವು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಒಮ್ಮೆ ಒಂದು ಮನೆಯಲ್ಲಿ ಹೀಗೆ ಒರೆಸಿದ್ದನ್ನು ನೋಡಿದ್ದೇನೆ: ಬಿಳಿ ಬಟ್ಟೆ ಕಾಡಿಗೆಯಂತೆ ಕಪ್ಪಾಯಿತು, ಪ್ಲೇಟಿನ ಗೆರೆಗಳು ಮಂಕಾಗಿ ಹಾಡು ಅಳಿಸಿಹೋಯಿತು. ಶುದ್ಧ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಬೆರೆಸಿ, ನಡುವಿನ ಲೇಬಲ್ ನೆನೆಯದಂತೆ, ಗೆರೆ ಸುತ್ತಿದ ದಿಕ್ಕಿನಲ್ಲೇ ಮೆತ್ತಗೆ ಒರೆಸಿ. ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಕೂಡಲೇ ತೇವ ತೆಗೆದು ನೆರಳಲ್ಲಿ ನಿಲ್ಲಿಸಿ ಒಣಗಿಸಿ.

ಇನ್ನು ಬೀರು. ಅದರ ಮೈಮೇಲಿನ ಹೊಳಪೂ ಬಹುಶಃ ಅದೇ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವುದೂ ಅದೇ. ಪರೀಕ್ಷೆ ಸುಲಭ: ಹಿಂಬದಿಯ ಕಾಣದ ಮೂಲೆಯಲ್ಲಿ ಸ್ಪಿರಿಟ್ ತಾಗಿಸಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಜಿಗುಟಾಗಿ ಕಂದು ಬಣ್ಣ ಹತ್ತಿಗೆ ಬಂದರೆ ಅರಗಿನ ಪಾಲಿಶೇ. ಆಗ ಕೆರೆಯುವ ಮಾತನ್ನೇ ಬಿಡಿ. ಅರಗನ್ನು ಅರಗಿನಿಂದಲೇ ಎಷ್ಟು ಸಲ ಬೇಕಾದರೂ ಚಿಗುರಿಸಬಹುದು. ಪಿಯು ಹಾಗಲ್ಲ. ನಾಳೆ ಅದು ಸುಲಿದರೆ ಮತ್ತೆ ಉಪ್ಪುಕಾಗದವೇ ಗತಿ, ಪ್ರತಿ ಸಲವೂ ಹಳೆಯ ಮರದ ಬಣ್ಣ ಒಂದಿಷ್ಟು ಪುಡಿಯಾಗಿ ಹೋಗುತ್ತದೆ. ನಿಮ್ಮ ಬಡಗಿಯವರ ಕೈಕೆಲಸದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಈ ಸಲಹೆಯನ್ನು ಒಪ್ಪಲಾರೆ.

ಬಿಳಿ ಗುರುತು ಪಾಲಿಶ್‌ನೊಳಗೆ ಸೇರಿಕೊಂಡ ತೇವ, ಅಷ್ಟೇ. ಹಳೆಯ ಪಂಚೆಯ ತುಂಡಿನಲ್ಲಿ ಹತ್ತಿಯ ಉಂಡೆ ಸುತ್ತಿ, ಅದಕ್ಕೆ ಸ್ಪಿರಿಟ್ ತಾಗಿಸಿ, ಅಂಗೈಗೆ ಒತ್ತಿ ನೋಡಿ. ತಣ್ಣಗೆನಿಸಬೇಕು, ಒದ್ದೆಯಾಗಬಾರದು. ಗುರುತಿನ ಮೇಲೆ ಹಗುರವಾಗಿ ಒಮ್ಮೆ ಸವರಿ ಕೈ ಎತ್ತಿಬಿಡಿ, ನಡುವೆ ನಿಲ್ಲಿಸಿದರೆ ಬಟ್ಟೆಯೇ ಅಂಟಿಕೊಳ್ಳುತ್ತದೆ. ಒಣಗಲು ಬಿಟ್ಟು ಮತ್ತೆ ಸವರಿ. ಎರಡು ಮೂರು ಸಲದಲ್ಲಿ ಬಿಳುಪು ಕರಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ 100 ಮಿಲಿ ಲೀಟರ್ ಸ್ಪಿರಿಟ್‌ಗೆ 12 ಗ್ರಾಂನಷ್ಟು ಅರಗಿನ ಚಕ್ಕೆ ಹಾಕಿ, ರಾತ್ರಿಯಿಡೀ ಗಾಜಿನ ಬಾಟಲಿಯಲ್ಲಿ ಕರಗಿಸಿ ಸೋಸಿ, ಅದೇ ಉಂಡೆಯಿಂದ ತೆಳುವಾದ ಪದರಗಳನ್ನು ಎಳೆಯಿರಿ. ಮಲೆನಾಡಿನ ಮಳೆಯಲ್ಲಿ ಮಾತ್ರ ಈ ಕೆಲಸ ಬೇಡ. ಗಾಳಿಯ ತೇವಕ್ಕೆ ಹೊಸ ಪದರವೂ ಬೆಳ್ಳಗಾಗುತ್ತದೆ. ದೀಪಾವಳಿ ಕಳೆದು ಒಣಹವೆ ಬರಲಿ. ಹತ್ತಿರ ದೀಪ, ಒಲೆ ಇರಬಾರದು. ಅರಗಿನ ಮನೆಯ ಕಥೆ ಗೊತ್ತಲ್ಲ, ಜೊತೆಗೆ ಇಲ್ಲಿ ಸ್ಪಿರಿಟ್ ಬೇರೆ.

ಕಾಲಿನ ಪುಡಿ ಕೊರೆಹುಳುವಿನದಿರಬಹುದು. ಸಾಗುವಾನಿಯ ಚೇಗನ್ನು ಅದು ಸುಲಭವಾಗಿ ಮುಟ್ಟುವುದಿಲ್ಲ, ಹೊರಗಿನ ಬಿಳಿ ಮರವನ್ನು ತಿನ್ನುತ್ತದೆ. ಪುಡಿಯನ್ನು ಗುಡಿಸಿ, ಕಾಲಿನಡಿ ಕಪ್ಪು ಕಾಗದ ಹಾಸಿ ಒಂದೆರಡು ವಾರ ನೋಡಿ. ಹೊಸ ಪುಡಿ ಉದುರಿದರೆ ಹುಳು ಇನ್ನೂ ಒಳಗಿದೆ. ಆಗ ಪ್ಲೇಟುಗಳನ್ನೆಲ್ಲ ಹೊರಗಿಟ್ಟು, ಕೈಗವಸು ಹಾಕಿಕೊಂಡು, ಪ್ರತಿ ತೂತಿಗೂ ಕೊರೆಹುಳು ನಿವಾರಕ ದ್ರಾವಣವನ್ನು ಸಿರಿಂಜ್‌ನಿಂದ ಹಾಕಿ. ವಾಸನೆ ಪೂರ್ತಿ ಹೋದ ಮೇಲೆ ತೂತುಗಳಿಗೆ ಬಣ್ಣದ ಜೇನುಮೇಣ ತುಂಬಿ.

ಹತ್ತು ಅಂಗುಲದ ಪ್ಲೇಟು ಸುಮಾರು 200 ಗ್ರಾಂ ತೂಗುತ್ತದೆ, ನೂರು ಸೇರಿದರೆ 20 ಕಿಲೋ. ತಳಹಲಗೆ ಬಾಗಿದ್ದರೆ ಅಡಿಯಲ್ಲಿ ಒಂದು ಅಡ್ಡಪಟ್ಟಿ ಕೊಡಿಸಿ. ಬಡಗಿಯವರಿಗೆ ಒಪ್ಪಿಸಬೇಕಾದ ಕೆಲಸ ಅದು. ಪ್ಲೇಟುಗಳನ್ನು ಎಂದಿಗೂ ಒಂದರ ಮೇಲೊಂದು ಪೇರಿಸಬೇಡಿ, ಓರೆಯಾಗಿಯೂ ಒರಗಿಸಬೇಡಿ. ಗೂಡಿನಲ್ಲಿ ನೆಟ್ಟಗೆ ನಿಲ್ಲಲಿ.

ಚೀಟಿಗಳನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವಕ್ಕೆ ನೀರು, ಸ್ಪಿರಿಟ್, ಪಾಲಿಶ್ ಯಾವುದೂ ತಾಗದಿರಲಿ. ಒಣ ಕುಂಚದಿಂದ ಧೂಳು ಕೊಡವಿದರೆ ಸಾಕು. ಪ್ಲೇಟುಗಳನ್ನು ಹೊರತೆಗೆಯುವ ಮೊದಲು ಪ್ರತಿ ಗೂಡಿನ ಫೋಟೊ ತೆಗೆದಿಟ್ಟುಕೊಳ್ಳಿ, ಮರಳಿ ಇಡುವಾಗ ಅಜ್ಜನ ಸಂಖ್ಯೆಯ ಕ್ರಮದಲ್ಲೇ ಜೋಡಿಸಿ.