ಬಿಹಾರದ ಹುಡುಗರನ್ನು ಸಂಘಕ್ಕೆ ಸೇರಿಸಿಕೊಳ್ಳಬಹುದೆ?

ಪ್ರಶ್ನೆ: ತಾರಿಹಾಳದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಕಾಯಂ ಕೆಲಸಗಾರನಾಗಿದ್ದೇನೆ. ನಿವೃತ್ತರಾದವರ ಜಾಗಕ್ಕೆ ಈಗ ಗುತ್ತಿಗೆದಾರನ ಮೂಲಕ ಬಿಹಾರ, ಒಡಿಶಾದ ಹುಡುಗರನ್ನು ತರುತ್ತಿದ್ದಾರೆ. ಅರ್ಧ ಪಗಾರಕ್ಕೆ ಹನ್ನೆರಡು ತಾಸು ದುಡಿಯುತ್ತಾರೆ. ಅವರನ್ನು ನಮ್ಮ ಕಾರ್ಮಿಕ ಸಂಘಕ್ಕೆ ಸೇರಿಸಿಕೊಳ್ಳೋಣ ಎನ್ನುವವರು ಕೆಲವರು, ಹೊರಗೆ ಹಾಕಿಸೋಣ ಎನ್ನುವವರೇ ಹೆಚ್ಚು. ಏನು ಮಾಡಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಸೇರಿಸಿಕೊಳ್ಳಿ, ತಡಮಾಡಬೇಡಿ. ಸಂವಿಧಾನದ 19ನೇ ವಿಧಿ ಸಂಘ ಕಟ್ಟುವ ಹಕ್ಕನ್ನು ಕೊಡುವಾಗ ಯಾವ ರಾಜ್ಯದವರು ಎಂದು ಕೇಳುವುದಿಲ್ಲ. ನಿಮ್ಮ ಸಂಘದ ನಿಯಮಾವಳಿಯಲ್ಲಿ ‘ಕಾಯಂ ಕೆಲಸಗಾರರು ಮಾತ್ರ’ ಎಂದಿದ್ದರೆ ಸರ್ವಸದಸ್ಯರ ಸಭೆ ಕರೆದು ಅದನ್ನು ತಿದ್ದಿ, ತಿದ್ದುಪಡಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಿ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅರ್ಧ ಪಗಾರವನ್ನು ಗೊತ್ತುಮಾಡಿದವರು ಆ ಹುಡುಗರೇನು? 1991ರ ನಂತರ ಮಾರುಕಟ್ಟೆ ತೆರೆದುಕೊಂಡಿತು. ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿ ಎಲ್ಲೋ ದೂರದಲ್ಲಿ ಕುಳಿತು ದರವನ್ನೂ ಗಡುವನ್ನೂ ನಿಗದಿ ಮಾಡುತ್ತದೆ. ಉಕ್ಕಿನ ಬೆಲೆ, ಕರೆಂಟ್ ಬಿಲ್ಲು ಕಾರ್ಖಾನೆ ಮಾಲೀಕನ ಮಾತು ಕೇಳುವುದಿಲ್ಲ. ಅವನು ಅದುಮಬಹುದಾದದ್ದು ಕೂಲಿಯನ್ನು ಮಾತ್ರ. ಊರು, ಭಾಷೆ, ನೆಂಟರು ಇಲ್ಲದವನ ಕೂಲಿಯನ್ನು ಅದುಮುವುದು ಎಲ್ಲಕ್ಕಿಂತ ಸುಲಭ. ನೀವು ಅವರನ್ನು ದೂರವಿಟ್ಟಷ್ಟೂ ಅವರು ಅಗ್ಗವಾಗುತ್ತಾರೆ, ಅವರು ಅಗ್ಗವಾದಷ್ಟೂ ನಿಮ್ಮ ಕಾಯಂ ಹುದ್ದೆಗಳು ಕರಗುತ್ತವೆ. ನಾಳೆ ನೀವು ಮುಷ್ಕರ ಹೂಡಿದರೆ ಯಂತ್ರ ನಿಲ್ಲಬೇಕಲ್ಲವೆ? ಅರ್ಧದಷ್ಟು ಯಂತ್ರಗಳ ಮುಂದೆ ನಿಂತಿರುವವರು ಅವರೇ.

ಕಾನೂನಿನ ಬಲವೂ ಇದೆ. ವಾರಕ್ಕೆ 48 ತಾಸು ಮೀರಿದ ದುಡಿಮೆಗೆ ದುಪ್ಪಟ್ಟು ದರ ಕೊಡಬೇಕು. ಕನಿಷ್ಠ ಕೂಲಿಯಲ್ಲಿ ನಮ್ಮವರು, ಹೊರಗಿನವರು ಎಂಬ ಭೇದವಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ 1979ರಲ್ಲೇ ಬಂದಿದ್ದ ಪ್ರತ್ಯೇಕ ಕಾಯ್ದೆ 2025ರ ನವೆಂಬರ್ 21ರಂದು ಹಲವು ಕಾರ್ಮಿಕ ಕಾಯ್ದೆಗಳನ್ನು ಒಂದುಗೂಡಿಸಿದ ಹೊಸ ಸಂಹಿತೆಯಲ್ಲಿ ಸೇರಿಹೋಯಿತು. ಗುತ್ತಿಗೆದಾರನಿಲ್ಲದೆ ತಾವಾಗಿ ಬಂದವರನ್ನೂ ಈಗ ವಲಸೆ ಕಾರ್ಮಿಕರೆಂದು ಎಣಿಸುತ್ತಾರೆ, ಅದು ಒಳ್ಳೆಯದಾಯಿತು. ಆದರೆ ಮೊದಲು ಐವರಿದ್ದರೆ ಅನ್ವಯಿಸುತ್ತಿದ್ದ ರಕ್ಷಣೆಗೆ ಈಗ ಹತ್ತು ಮಂದಿ ಬೇಕು. ಊರು ಬಿಟ್ಟು ಬಂದದ್ದಕ್ಕೆ ಸಿಗುತ್ತಿದ್ದ ಸ್ಥಳಾಂತರ ಭತ್ಯೆಯನ್ನೂ ಕೈಬಿಟ್ಟಿದ್ದಾರೆ. ಬಡವರ ಕೈಯಿಂದ ಇದನ್ನು ಕಿತ್ತುಕೊಂಡದ್ದು ಅನ್ಯಾಯ, ಸಂಘಗಳು ಈ ಬಗ್ಗೆ ಇನ್ನೂ ಗಟ್ಟಿಯಾಗಿ ದನಿ ಎತ್ತಬೇಕಿತ್ತು.

ಮೊದಲ ಸಭೆಯನ್ನು ರವಿವಾರ ಅವರ ಖೋಲಿಯಲ್ಲೇ ನಡೆಸಿ. ಸೂಚನಾ ಫಲಕದಲ್ಲಿ ಕನ್ನಡದ ಕೆಳಗೆ ಹಿಂದಿಯಲ್ಲೂ ಬರೆಯಿರಿ. ಬರುವಾಗ ಪಡೆದ ಮುಂಗಡ ಎಷ್ಟು, ಆಧಾರ್ ಕಾರ್ಡು ಯಾರ ಬಳಿ ಇದೆ ಎಂದು ಕೇಳಿ. ಎಷ್ಟೋ ಕಡೆ ಅವರ ಬಾಯಿ ಕಟ್ಟಿರುವುದು ಇವೆರಡೇ. ‘ನಮ್ಮ ಕೆಲಸ ಕಸಿದರು’ ಎಂದು ಗೋವಾದಲ್ಲಿ ನಮ್ಮವರ ಬಗ್ಗೆಯೂ ಆಡುತ್ತಾರೆ. ಮುಂದಿನ ಪತ್ರವನ್ನು ದಯವಿಟ್ಟು ನಿಮ್ಮ ಸಭೆಯಲ್ಲಿ ಓದಿ.

ಪ್ರಶ್ನೆ: ನಮ್ಮದು ಶಿರಹಟ್ಟಿ ತಾಲ್ಲೂಕಿನ ತಾಂಡಾ. ಪ್ರತಿ ವರ್ಷ ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುತ್ತೇವೆ. ಈ ಸಲ ಯುಗಾದಿಗೆ ಬರುವಾಗ ಮೇಸ್ತ್ರಿ ಎರಡು ತಿಂಗಳ ಪಗಾರ ಹಿಡಿದುಕೊಂಡ. ಈಗ ಫೋನ್ ಎತ್ತುತ್ತಿಲ್ಲ. ಬರೆದುಕೊಟ್ಟ ಕಾಗದ ಒಂದೂ ಇಲ್ಲ.
– ಓದುಗ ಮಹಿಳೆ, ಗದಗ ಜಿಲ್ಲೆ

ಉತ್ತರ: ತಾಯಿ, ಕಾಗದವಿಲ್ಲವೆಂದು ಕೈಚೆಲ್ಲಬೇಡಿ. ಮೇಸ್ತ್ರಿ ಕೊಡದಿದ್ದರೆ ಆ ಕಟ್ಟಡದ ಕೆಲಸ ಮಾಡಿಸಿದ ಸಂಸ್ಥೆಯೇ ಕೊಡಬೇಕು. ವೇತನ ಸಂಹಿತೆಯಲ್ಲಿ ಬಾಕಿ ಕೇಳಲು ಮೂರು ವರ್ಷದ ಅವಧಿ ಇದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಇಂಥ ದೂರು ಕೇಳುವ ಪ್ರಾಧಿಕಾರಕ್ಕಿದೆ. ದೂರು ಕೆಲಸ ನಡೆದ ಗೋವಾದಲ್ಲೇ ದಾಖಲಾಗಬೇಕು. ನೀವು ಸದಸ್ಯರಾಗಿರುವ ನೋಂದಾಯಿತ ಸಂಘ ನಿಮ್ಮ ಪರವಾಗಿ ಅರ್ಜಿ ಹಾಕಬಹುದು. ಕಾರ್ಮಿಕ ಸಂಘಗಳ ರಾಷ್ಟ್ರೀಯ ಒಕ್ಕೂಟವಾದ ಎಐಟಿಯುಸಿ ಗೋವಾದಲ್ಲಿಯೂ ಕೆಲಸ ಮಾಡುತ್ತಿದೆ, ಗದಗ ಅಥವಾ ಹುಬ್ಬಳ್ಳಿಯ ಸಂಘದವರ ಮೂಲಕ ಅವರನ್ನು ಸಂಪರ್ಕಿಸಿ.

ಮೇಸ್ತ್ರಿ ಈ ಹಿಂದೆ ಮೊಬೈಲಿಗೆ ಹಣ ಹಾಕಿದ ಸಂದೇಶಗಳು, ಸೈಟಿನಲ್ಲಿ ತೆಗೆದ ಫೋಟೊಗಳು, ಅವನಿಗೆ ಕರೆ ಮಾಡಿದ ದಾಖಲೆ, ಇವೆಲ್ಲ ಸಾಕ್ಷಿಯಾಗುತ್ತವೆ. ಆ ಫೋನನ್ನು ಮಾರಬೇಡಿ, ಒಳಗಿನದನ್ನು ಅಳಿಸಬೇಡಿ. ಜೊತೆಗೆ ದುಡಿದವರ ಹೆಸರು, ದುಡಿದ ದಿನಗಳನ್ನು ನೆನಪು ಮಾಸುವ ಮೊದಲೇ ಒಂದು ವಹಿಯಲ್ಲಿ ಬರೆಸಿ, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಟ್ಟುಕೊಳ್ಳಿ.